ಮೇಷ್ಟ್ರ ಪ್ಯಾಂಟಿನ ಮೆತ್ತೆ

ಟೈಲರಮ್ಮನ ಹೊಲಿಗೆಯಲ್ಲಿ ಯಾರೂ ಹುಳುಕು ಹುಡುಕಿದವರಿಲ್ಲ. ಆದರೆ ಆ ಸಂಜೆ ಮೂಲೆಮನೆಯ ಮೇಷ್ಟ್ರು ಹೊಸ ಪ್ಯಾಂಟನ್ನು ವಾಪಸು ತಂದು ಯಂತ್ರದ ಮೇಲಿಟ್ಟರು.

"ನಾನು ಅಂಬೆಗಾಲು ಬಿಟ್ಟು ಬಹಳ ದಿನ ಆಯ್ತಮ್ಮ," ಎಂದರು.

ಪ್ಯಾಂಟಿನ ಮೊಣಕಾಲುಗಳ ಒಳಗೆ ದಪ್ಪ ಸ್ಪಂಜಿನ ಮೆತ್ತೆ, ಸುತ್ತಲೂ ಅಚ್ಚುಕಟ್ಟಾದ ಹೊಲಿಗೆ. ಅವಳು ತನ್ನ ಮಗನ ಬಟ್ಟೆಗಳಿಗೆ ಹಾಕುವ ಮೆತ್ತೆ ಅದು. ಇದಕ್ಕೆ ಯಾವಾಗ ಹೊಲಿದಳೋ ಅವಳಿಗೇ ನೆನಪಿಲ್ಲ.

"ಬಿಚ್ಚಿ ಕೊಡ್ತೀನಿ ಸಾರ್," ಎಂದು ಕತ್ತರಿಗಾಗಿ ಅಂಗಡಿಯೆಲ್ಲ ತಡಕಾಡಿದಳು. ಕತ್ತರಿ ಅವಳ ಕೊರಳಲ್ಲೇ ನೇತಾಡುತ್ತಿತ್ತು.

ಮಗನಿಗೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆ. ಬಿದ್ದರೆ ಕೀಲಿನೊಳಗೆ ರಕ್ತ ತುಂಬಿ ಕಾಲು ಊದಿಕೊಳ್ಳುತ್ತದೆ. ದಿನ ಬಿಟ್ಟು ದಿನ ಬೆಳಿಗ್ಗೆ ನರಕ್ಕೆ ಔಷಧಿ ಚುಚ್ಚಬೇಕು. ಗಂಡ ಸೂಜಿ ಕಂಡರೆ ತಲೆ ಸುತ್ತಿ ಬೀಳುವ ವೀರ. ಜೊತೆಯಲ್ಲೇ ಇದ್ದ ನಾದಿನಿ ಆಸ್ಪತ್ರೆಗೆ ಹೋಗಿ ಚುಚ್ಚುವುದನ್ನು ಕಲಿತು ಬಂದಿದ್ದರೂ ಇವಳು ಸೂಜಿ ಬಿಟ್ಟುಕೊಟ್ಟಿರಲಿಲ್ಲ. ಕಾಯಿಲೆ ಬಂದದ್ದು ತನ್ನ ರಕ್ತದಿಂದ, ಅನುಭವಿಸಬೇಕಾದವಳೂ ತಾನೇ ಎಂಬ ಹಟ. ವರ್ಷಗಟ್ಟಲೆ ಕಣ್ತುಂಬ ನಿದ್ದೆ ಮಾಡಿರಲಿಲ್ಲ ಪಾಪ.

ಮೇಷ್ಟ್ರು ಹೋದ ಮೇಲೆ ನಾದಿನಿ ಮೆತ್ತಗೆ ಹೇಳಿದಳು. "ಅತ್ತಿಗೆ, ಇವತ್ತು ಪ್ಯಾಂಟು. ನಾಳೆ ಔಷಧಿ ಅಳತೆ ತಪ್ಪಿದ್ರೆ?"

ಆ ಭಯ ಟೈಲರಮ್ಮನ ಎದೆಯಲ್ಲೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಸೂಜಿಯನ್ನು ನಾದಿನಿಯ ಕೈಗಿಟ್ಟು ಪಕ್ಕದಲ್ಲೇ ಕಾವಲು ನಿಂತಳು.

"ಅಮ್ಮ, ನೀನು ಅಂಗಡಿಗೆ ಹೋಗು. ನೀನು ಹಾಗೆ ನೋಡ್ತಿದ್ರೆ ಅತ್ತೆ ಕೈ ನಡುಗುತ್ತೆ," ಎಂದ ಮಗ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಯಂತ್ರದ ಮುಂದೆ ಕೂತಳು, ದಾರ ಪೋಣಿಸಲೂ ಆಗಲಿಲ್ಲ. ಅಳು ಬಂತು. ಅತ್ತದ್ದು ಭಯಕ್ಕಲ್ಲ, ಕೈ ಖಾಲಿಯಾದದ್ದಕ್ಕೆ.

ಸ್ವಲ್ಪ ಹೊತ್ತಿಗೆ ಮಗ ಬಂದ. ತೋಳಿನ ಮೇಲೆ ಪಟ್ಟಿ ಸೊಟ್ಟಗೆ ಅಂಟಿತ್ತು.

"ಎರಡು ಸಲ ಚುಚ್ಚಿದ್ಳು. ನೀನು ಮೊದಲನೇ ದಿನ ನಾಲ್ಕು ಸಲ ಚುಚ್ಚಿದ್ದೆ, ನೆನಪಿದ್ಯಾ?"

ಪಟ್ಟಿ ಸರಿಮಾಡಲು ಹೋದ ಅವಳ ಕೈ ಅರ್ಧಕ್ಕೇ ನಿಂತಿತು. ಇರಲಿ ಬಿಡು ಎಂದುಕೊಂಡು ಯಂತ್ರದ ಹಲಗೆಯ ಮೇಲೆ ತಲೆಯಿಟ್ಟಳು. ಕಣ್ಣು ತಾನಾಗಿಯೇ ಮುಚ್ಚಿತು.

ಹಲಗೆ ಗಟ್ಟಿಯಾಗಿತ್ತು. ಮೇಷ್ಟ್ರ ಪ್ಯಾಂಟಿನಿಂದ ಅವಳು ಬಿಚ್ಚಿಟ್ಟಿದ್ದ ಮೆತ್ತೆಗಳನ್ನು ಮಗ ತಂದು, ಎಚ್ಚರವಾಗದ ಹಾಗೆ ಅಮ್ಮನ ಕೆನ್ನೆಯ ಕೆಳಗೆ ಸರಿಸಿದ.