ಸೈಕಲ್ಲಿಗೆ ಕಟ್ಟಿದ ಹಾರ

ನನ್ನ ಓರಗಿತ್ತಿ ಅರವತ್ತು ದಾಟಿದ ಮೇಲೆ ಸೈಕಲ್ ಕಲಿತಳು. ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಬರೆಯುವಷ್ಟು ಅಕ್ಷರ ನನಗೆ ಬರುವುದಿಲ್ಲ.

ಮಾವಳ್ಳಿಯಲ್ಲಿ ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ನಾನು ಹಿರಿಯವಳು. ಮದುವೆಯಾದ ಹೊಸದರಲ್ಲಿ ಗಂಡನ ಸೈಕಲ್ ಹತ್ತಿ ಒಂದು ಸಲ ಪೆಡಲ್ ತುಳಿದಿದ್ದೆ. ಅತ್ತೆ ನೋಡಿ, "ಇಳಿಯೇ. ಬಿದ್ದು ಕೈ ಮುರ್ಕೊಂಡ್ರೆ ಹೂ ಕಟ್ಟೋರ್ಯಾರು?" ಅಂದರು. ಇಳಿದೆ. ಅಲ್ಲಿಂದ ಇಲ್ಲಿಯವರೆಗೆ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೂತು ಹೂ ಮಾರಿದ್ದೇನೆ. ಅತ್ತೆ ಹೋದರು. ಈಗ ಇವಳು ಚೂಡಿದಾರ್ ಹಾಕಿ, ಮಗಳು ಕೊಡಿಸಿದ ಕೆಂಪು ಹೆಲ್ಮೆಟ್ ಇಟ್ಟುಕೊಂಡು, ಬೆಲ್ ಹೊಡೆಯುತ್ತ ನನ್ನ ಎದುರಿಗೇ ಬಂದು ನಿಲ್ಲುತ್ತಾಳೆ. ಪಕ್ಕದ ಸೊಪ್ಪಿನವಳು, "ನಿಮ್ ಓರಗಿತ್ತಿ ನೋಡಿ, ಕಾಲೇಜ್ ಹುಡ್ಗಿ ಥರ" ಅನ್ನುತ್ತಾಳೆ. ನಾನು ಹೂವಿಗೆ ನೀರು ಚಿಮುಕಿಸುತ್ತೇನೆ.

ಹೋದ ವರ್ಷ ಆಯುಧ ಪೂಜೆಗೆ ಸೈಕಲ್ಲಿಗೊಂದು ಹಾರ ಕೇಳಿದಳು. ತೋಳು ದಪ್ಪದ ಸೇವಂತಿಗೆ ಹಾರ ಕಟ್ಟಿದೆ. ಪ್ರೀತಿಗಲ್ಲ, ಬೀದಿಯವರು ಸೈಕಲ್ ಬಿಟ್ಟು ಹಾರ ನೋಡಲಿ ಅಂತ. ಹ್ಯಾಂಡಲ್ಲಿಗೆ ನಾನೇ ಬಿಗಿದೆ. ಅವಳು ಕುಂಕುಮ ಹಚ್ಚಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಗ ಕಂಡಿತು, ಹಾರದ ತುದಿ ಮುಂದಿನ ಚಕ್ರದ ಕಡ್ಡಿಗೆ ತಾಗುತ್ತಿತ್ತು. ಬಾಳೆನಾರಿನಲ್ಲಿ ಕಟ್ಟಿದ್ದರೆ ಸಿಕ್ಕಿಕೊಂಡರೂ ಹರಿದು ಹೋಗುತ್ತಿತ್ತು. ಈಗ ಕಟ್ಟುವುದೆಲ್ಲ ನೈಲಾನ್ ದಾರದಲ್ಲಿ. ಅದು ಹರಿಯುವುದಿಲ್ಲ, ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ನಮ್ಮ ಬೀದಿ ಇಳಿಜಾರು, ಕೆಳಗೆ ಬಸ್ ಓಡಾಡುವ ರಸ್ತೆ.

ಕಂಡೂ ಸುಮ್ಮನಿದ್ದೆ. ಒಂದು ಸಲ ಬೀಳಲಿ, ಮಗಳೇ ಸೈಕಲ್ ಬಿಡಿಸುತ್ತಾಳೆ ಅಂದುಕೊಂಡೆ.

ಅವಳು ಹೆಲ್ಮೆಟ್ ಪಟ್ಟಿ ಬಿಗಿದು, "ಹತ್ತಕ್ಕ, ಮೂಟೆ ಥರ ಹಿಂದೆ ಹಾಕ್ಕೊಂಡು ಒಂದ್ ರೌಂಡ್ ಹೊಡಿಸ್ತೀನಿ" ಅಂದಳು. ನೆರೆಯವರು ನಕ್ಕರು. ನಿಂಬೆಹಣ್ಣು ಪಚಕ್ ಅಂತು, ಸೈಕಲ್ ಹೊರಟಿತು. ಅಷ್ಟರಲ್ಲಿ ಕೆಳಗಿನಿಂದ ಬಸ್ಸಿನ ಹಾರನ್ ಕೇಳಿಸಿತು. ಎರಡು ಹೆಜ್ಜೆ ಓಡಿ ಕ್ಯಾರಿಯರ್ ಹಿಡಿದೆ. ಬೇಕಾದಷ್ಟು ಭಾರ ಇದ್ದೇನೆ, ನಿಂತಿತು.

"ಬಿಡಕ್ಕ. ನಾನು ಸೈಕಲ್ ಹತ್ತಿದ್ರೆ ನಿಂಗೆ ಹೊಟ್ಟೆಕಿಚ್ಚು."

"ಹೌದು ಕಣೇ, ಹೊಟ್ಟೆಕಿಚ್ಚೇ. ಕಾಲ್ ಕೆಳಗಿಡು. ಹಾರ ಚಕ್ರಕ್ಕೆ ಸಿಕ್ಕೊಳ್ತಿದೆ."

ಬಗ್ಗಿ ನೋಡಿದಳು. ದಾರ ಆಗಲೇ ಒಂದು ಕಡ್ಡಿಗೆ ಸುತ್ತಿಕೊಂಡಿತ್ತು. ನಾನು ಕತ್ತರಿ ತಂದು ಗೇಣುದ್ದ ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಿದೆ.

"ಕಟ್ಟೋವಾಗ ಕಾಣ್ಲಿಲ್ವಾ?"

"ಕಟ್ಟಿದ್ಮೇಲೆ ಕಾಣ್ತು. ಸುಮ್ನಿದ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಎರಡೂ ಬ್ರೇಕ್ ಒತ್ತಿ ನೋಡಿ ಹೊರಟು ಹೋದಳು.

ಈಗಲೂ ದಿನಾ ಬರುತ್ತಾಳೆ, ಮುಡಿಯುವುದಕ್ಕೆ ನನ್ನ ಹತ್ತಿರವೇ ಹೂ ತೆಗೆದುಕೊಳ್ಳುತ್ತಾಳೆ. ಆದರೆ ಈ ವರ್ಷದ ಹಬ್ಬಕ್ಕೆ ಸೈಕಲ್ಲಿನ ಹೂವನ್ನು ನನ್ನಾಚೆ ಕೂರುವ ಹೂವಿನವಳ ಹತ್ತಿರ ಕೊಂಡು, ಮನೆಗೆ ಒಯ್ದು ತಾನೇ ಕಟ್ಟಿಕೊಂಡಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.