ಹೊರಗಿನ ಸಹಾಯಕರ ಗಮನಕ್ಕೆ

ನಮ್ಮ ಅಕ್ಕ ಕೆಲಸಕ್ಕೆ ಹೋಗುವುದಿಲ್ಲ. ಕೆಲಸವೇ ಅವಳಿದ್ದಲ್ಲಿಗೆ ಬರುತ್ತದೆ. ಬೆಳಿಗ್ಗೆ ಕುಕ್ಕರ್ ಇಳಿಸಿ, ಊಟದ ಮೇಜಿನ ಒಂದು ತುದಿ ಒರೆಸಿ, ಲ್ಯಾಪ್‌ಟಾಪ್ ತೆರೆದಳೆಂದರೆ ಎಲ್ಲೋ ದೂರದ ಹಲ್ಲಿನ ಆಸ್ಪತ್ರೆಯ ಕಚೇರಿ ತೆರೆಯಿತೆಂದು ಲೆಕ್ಕ. ಯಾರ ಹಲ್ಲು ಯಾವಾಗ ಕೀಳಬೇಕು, ಯಾರಿಗೆ ಡಾಕ್ಟರು ಸಿಗುವುದಿಲ್ಲ, ಯಾವ ಪತ್ರಕ್ಕೆ ಏನು ಉತ್ತರ, ಎಲ್ಲವೂ ಮೇಜಿನ ಆ ತುದಿಯಲ್ಲೇ ತೀರ್ಮಾನವಾಗುತ್ತದೆ. ಈ ಕಡೆಯ ತುದಿಯಲ್ಲಿ ಭಾವ ತಿಂಡಿ ತಿನ್ನುತ್ತಿರುತ್ತಾರೆ. ಇದಕ್ಕೆ ವರ್ಚುವಲ್ ಅಸಿಸ್ಟೆಂಟ್ ಎಂದು ಹೆಸರು.

ಪಕ್ಕದ ಮನೆಯಾಕೆ ಒಮ್ಮೆ ಭಾವನನ್ನೇ ಕೇಳಿದ್ದರು.

"ವರ್ಚುವಲ್ ಅಂದ್ರೆ ಏನ್ರೀ?"

"ಇದ್ದೂ ಇಲ್ಲದ ಹಾಗೆ ಅಂತ."

"ಹಾಗೂ ಇರೋಕಾಗುತ್ತಾ?"

"ನಮ್ಮ ಅಡುಗೆಮನೆಗೆ ಬಂದು ನೋಡಿ."

ಒಳಗಿನಿಂದ ಸೌಟು ಬಿದ್ದ ಸದ್ದು ಕೇಳಿತು. ಭಾವ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಡಿಯೂ ಎಲ್ಲಿಗೂ ತಲುಪದವನು ನಾನು, ಕೂತಲ್ಲೇ ಕೂತು ಊರೆಲ್ಲ ಸುತ್ತಿಬರುವವಳು ಇವಳು, ಎನ್ನುವುದು ಅವರ ಹಳೆಯ ಜೋಕು. ಅದಕ್ಕೆ ನಗುವುದು ನಾನೊಬ್ಬನೇ, ಅದೂ ಅವರ ಮನೆಯಲ್ಲಿ ಊಟ ಮಾಡುವ ದಿನಗಳಲ್ಲಿ. ಹೆಚ್ಚೂಕಮ್ಮಿ ದಿನಾ ಅಲ್ಲೇ ಊಟ.

ಅಕ್ಕ ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಆಫೀಸಿನಲ್ಲಿದ್ದಳು. ಪ್ರೆಸ್ಸು ಮುಚ್ಚಿದಾಗ ವಯಸ್ಸು ನಲವತ್ತು ದಾಟಿತ್ತು. ಎಲ್ಲಿ ಹೋದರೂ "ಚಿಕ್ಕ ವಯಸ್ಸಿನವರು ಬೇಕಿತ್ತು" ಎಂಬ ಮಾತು. ಆಗ ಹೇಗೋ ಈ ಡಾಕ್ಟರಮ್ಮ ಸಿಕ್ಕರು. ಮುಖಾಮುಖಿ ಭೇಟಿಯಿಲ್ಲ, ಬರೀ ಫೋನು ಮತ್ತು ಮೇಲ್. ಚಿಲ್ಲರೆ ಕೆಲಸ ಕೊಡುವವರು ಇನ್ನಿಬ್ಬರಿದ್ದಾರೆ ನಿಜ, ಆದರೆ ಡಾಕ್ಟರಮ್ಮನ ಕೆಲಸ ಹೋದರೆ ಅಕ್ಕನಿಗೆ ಉಳಿಯುವುದು ಮೇಜಿನ ತುದಿ ಮಾತ್ರ.

ಹೀಗಿರುವಾಗ ಡಾಕ್ಟರಮ್ಮನಿಗೆ ಒಬ್ಬ ಸಲಹೆಗಾರ ಗಂಟುಬಿದ್ದ. ಆಸ್ಪತ್ರೆ ಹೇಗೆ ನಡೆಸಬೇಕೆಂದು ಹೇಳಿಕೊಡುವವನು. ಹಲ್ಲು ಕೀಳಲು ಬರದ ಮನುಷ್ಯನಾದ್ದರಿಂದ ಅವನಿಗೆ ಬೇಕಾದಷ್ಟು ಬಿಡುವಿತ್ತು. ಅವನ ಸಲಹೆಗಳಲ್ಲೊಂದು: ಹೊರಗಿನ ಸಹಾಯಕರೆಲ್ಲರೂ ಆಫೀಸ್ ಸಾಫ್ಟ್‌ವೇರಿನ ಪರೀಕ್ಷೆ ಪಾಸು ಮಾಡಿ, ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ಕಳಿಸಬೇಕು, ಇಲ್ಲದಿದ್ದರೆ ಅವರ ಕೆಲಸ ನಿಲ್ಲಿಸಬೇಕು. ಡಾಕ್ಟರಮ್ಮ ಅದನ್ನು ಅಕ್ಕನಿಗೆ ದಾಟಿಸಿ ಒಂದೇ ಸಾಲು ಬರೆದರು: "ಇದನ್ನು ಚೆನ್ನಾಗಿ ಬರೆದು ಎಲ್ಲರಿಗೂ ಕಳಿಸಿಬಿಡಿ."

ಎಲ್ಲರೂ ಎಂದರೆ ಯಾರು? ಒಂದು ಕಾಲದಲ್ಲಿ ಹೊರಗಿನ ಸಹಾಯಕರು ಮೂವರಿದ್ದರು. ಪೋಸ್ಟರು ಮಾಡುವವನು ಬಿಟ್ಟುಹೋದ. ಲೆಕ್ಕ ಬರೆಯುವವಳು ಬೇರೆ ಕಡೆ ಸೇರಿದಳು. ಎರಡೂ ಕೆಲಸ ತಾನಾಗಿಯೇ ಅಕ್ಕನ ಕಡೆಗೆ ಜಾರಿ, ಅಲ್ಲೇ ಠಿಕಾಣಿ ಹೂಡಿದ್ದವು. ಹಾಗಾಗಿ 'ಎಲ್ಲರೂ' ಎಂದರೆ ಈಗ ಅಕ್ಕ ಒಬ್ಬಳೇ.

ಆದರೂ ಪತ್ರ ಬರೆದಳು. ಹೇಗೆ ಬರೆದಳು ಅಂತೀರಿ! "ಹೊರಗಿನ ಸಹಾಯಕರ ಗಮನಕ್ಕೆ" ಎಂದು ದಪ್ಪಕ್ಷರದ ತಲೆಬರಹ, ಕೆಳಗೆ "ಯಾವುದೇ ಕಾರಣಕ್ಕೂ ಅವಧಿ ವಿಸ್ತರಿಸಲಾಗುವುದಿಲ್ಲ." ಕಳಿಸಿದ ಮರುಗಳಿಗೆ ಅದು ಅವಳ ಮೇಲ್ ಪೆಟ್ಟಿಗೆಗೇ ಬಂದು ಬಿತ್ತು. ತೆರೆದು ಓದಿದಳು. ಓದಿ ಬೆವರಿದಳು.

"ನಿನಗೆ ನೀನೇ ನೋಟಿಸ್ ಕೊಟ್ಕೊಂಡಿದೀಯಲ್ಲೇ!" ಎಂದರು ಭಾವ.

"ಬರೆಯೋಳು ನೀನೇ ತಾನೆ, ಎರಡು ತಿಂಗಳು ಟೈಮ್ ಅಂತ ಹಾಕ್ಕೋಬಾರದಿತ್ತಾ?" ಎಂದೆ ನಾನು.

"ಅದು ಹೇಗಾಗುತ್ತೋ? ಕೆಲಸ ಅಂದ್ಮೇಲೆ ಕೆಲಸ."

"ಅಲ್ಲ, ಕೊನೇಪಕ್ಷ 'ದಯವಿಟ್ಟು' ಅಂತ ಒಂದು ಸೇರಿಸಬಹುದಿತ್ತಲ್ಲ."

"ಸೇರಿಸಿದ್ದೆ. ಮೇಡಂ ಫೋನಲ್ಲಿ ಬಿಗಿಯಾಗಿ ಬರೀರಿ ಅಂದ್ರು, ತೆಗೆದೆ."

ನಿನಗೂ ಇದು ಅನ್ವಯಿಸುತ್ತದೆಯೇ ಎಂದು ಡಾಕ್ಟರಮ್ಮನನ್ನು ನೇರವಾಗಿ ಕೇಳಿಬಿಡು ಎಂದು ನಾವಿಬ್ಬರೂ ಹೇಳಿದೆವು. ಅಕ್ಕ ಒಪ್ಪಲಿಲ್ಲ. "ಕೇಳಿ, 'ಹೌದು, ನಿಮಗೂ' ಅಂದುಬಿಟ್ರೆ? ಕೇಳದೇ ಇದ್ರೆ ಒಂದು ಆಸೆನಾದ್ರೂ ಇರುತ್ತೆ," ಎಂದಳು.

ಸರಿ, ಓದು ಶುರುವಾಯಿತು. ಓದಿಸುವ ಹೊಣೆ ನನ್ನ ಮೇಲೆ ಬಿತ್ತು, ಏಕೆಂದರೆ ನಮ್ಮ ಮನೆತನದಲ್ಲಿ ಕಂಪ್ಯೂಟರಿನ ಸರ್ಟಿಫಿಕೇಟ್ ಇರುವುದು ನನಗೊಬ್ಬನಿಗೇ. ಎಂದೋ ಪಡೆದದ್ದು, ಅಂಚಿಗೆ ಬಳ್ಳಿಯ ಚಿತ್ರವಿದೆ. ಅದರದೊಂದು ಪ್ರತಿ ತೆಗೆಯಬೇಕಾದರೆ ಅಕ್ಕನ ಹತ್ತಿರ ಹೋಗಬೇಕು ಎಂಬುದು ಬೇರೆ ಮಾತು. ನಾನು ಪ್ರಶ್ನೆ ಓದುವುದು, ಅವಳು ಮಾಡಿ ತೋರಿಸುವುದು. ಅವಳು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಗಂಭೀರವಾಗಿ "ಹೂಂ" ಎನ್ನುತ್ತಿದ್ದೆ. ಮೇಷ್ಟರಿಗೆ ಇಷ್ಟು ಸಾಕು ಎಂದು ಕೇಳಿ ಬಲ್ಲೆ.

ಇದೇ ಕಸುಬಿನ ಹೆಂಗಸರದೊಂದು ಫೋನ್ ಗುಂಪಿದೆ. ಅಕ್ಕ ಅಲ್ಲಿ ವಿಚಾರಿಸಿದಳು. ಸರ್ಟಿಫಿಕೇಟ್ ದಂಡ, ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ ಎಂದಳು ಒಬ್ಬಳು. ಅದನ್ನು ಅರ್ಜಿಗೆ ಸೇರಿಸಿದ ಮೇಲೆಯೇ ನನಗೆ ಮೊದಲನೆಯ ಕೆಲಸ ಸಿಕ್ಕಿದ್ದು ಎಂದಳು ಇನ್ನೊಬ್ಬಳು. ಮೂರನೆಯವಳು ಇಬ್ಬರಿಗೂ ಹೆಬ್ಬೆರಳು ಎತ್ತಿ ತೋರಿಸಿದಳು. ಗುಂಪಿನ ಸಲಹೆ ಅಲ್ಲಿಗೆ ಮುಗಿಯಿತು.

ಆದರೆ ಓದುತ್ತಾ ಓದುತ್ತಾ ಅಕ್ಕನಿಗೆ ಒಂದು ವಿದ್ಯೆ ಒಲಿಯಿತು. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿಕೊಳ್ಳಿ ಎಂದು ರೋಗಿಗಳಿಗೆಲ್ಲ ಪತ್ರ ಹೋಗುತ್ತದೆ. ಇಷ್ಟು ದಿನ ಒಂದು ಪತ್ರ ಮಾಡಿ, ಹೆಸರು ಬದಲಿಸಿ, ಕಳಿಸಿ, ಮತ್ತೆ ಹೆಸರು ಬದಲಿಸುತ್ತಿದ್ದಳು. ಈಗ ಹೆಸರುಗಳೆಲ್ಲ ತಾವೇ ಹೋಗಿ ತಮ್ಮ ತಮ್ಮ ಪತ್ರದಲ್ಲಿ ಕೂರುವ ಉಪಾಯ ತಿಳಿಯಿತು. ಒಂದು ಮಧ್ಯಾಹ್ನದಲ್ಲಿ ಮೂರು ದಿನದ ಕೆಲಸ ಮುಗಿದುಹೋಯಿತು. "ಇಷ್ಟು ವರ್ಷ ನನ್ನ ಬೆರಳು ಸವೆದದ್ದು ಯಾವ ಪಾಪಕ್ಕೆ?" ಎಂದು ಅಂಗೈ ನೋಡಿಕೊಂಡಳು.

ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲೇ. ಕ್ಯಾಮೆರಾದ ಆಚೆ ಒಬ್ಬಾತ ಕಾವಲು ಕೂತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ಗೋಡೆ ತೋರಿಸಿ, ಮೇಜಿನ ಕೆಳಗೆ ತೋರಿಸಿ, ಬಾಗಿಲ ಹಿಂದೆ ತೋರಿಸಿ ಎಂದು ಮನೆಯನ್ನೆಲ್ಲ ಜಾಲಾಡಿದ. "ಮನೆ ಕೊಂಡ್ಕೊಳೋಕೆ ಬಂದೋನೂ ಇಷ್ಟು ನೋಡಲ್ಲ," ಎಂದು ಭಾವ ಗೊಣಗುತ್ತಾ ಹೊರಬಂದರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಮೆಟ್ಟಿಲು ಹತ್ತಿಳಿಯುವವರೆಲ್ಲ ನಮ್ಮನ್ನು ಮನೆಯಿಂದ ಓಡಿಸಿದ್ದಾರೆಂದು ತಿಳಿದು ಮರುಕಪಟ್ಟರು. ಒಬ್ಬರು ಬಾಳೆಹಣ್ಣನ್ನೂ ಕೊಟ್ಟರು.

ಬಾಗಿಲು ತೆರೆದಾಗ ಅಕ್ಕನ ಮುಖ ಇಷ್ಟು ಚಿಕ್ಕದಾಗಿತ್ತು.

"ಫೇಲು. ಕೂದಲೆಳೇಲಿ ಹೋಯ್ತು."

"ಅದು ಹೇಗೆ? ನಿನಗೆ ಬರದೇ ಇರೋದು ಏನಿತ್ತು?"

"ಸಭೆಗೆ ಕರೆಯೋ ಒಂದು ಪತ್ರ ಕೊಟ್ಟಿದ್ರು, ತಲೆಬರಹ ದೊಡ್ಡದು ಮಾಡಿ ಅಂತ. ನೋಡ್ತೀನಿ, ಒಬ್ಬರ ಹೆಸರು ಎರಡು ಸಲ ಇದೆ. ಒಂದನ್ನ ತೆಗೆದೆ."

"ತೆಗೀರಿ ಅಂದಿದ್ರಾ?"

"ಹೇಳ್ಬೇಕಾ? ಕಣ್ಣಿಗೆ ಕಾಣ್ತಿತ್ತಲ್ಲ! ಆಮೇಲೆ ಒಂದೇ ಹೊತ್ತಿಗೆ ಒಂದೇ ಕೋಣೇಲಿ ಎರಡು ಸಭೆ ಇಟ್ಟಿದ್ರು. ಒಂದನ್ನ ಸಾಯಂಕಾಲಕ್ಕೆ ಹಾಕ್ದೆ."

"ಅಯ್ಯೋ, ಅದು ಸುಳ್ಳು ಸಭೆ ಕಣೇ!" ಎಂದರು ಭಾವ. "ಅಲ್ಲಿ ಯಾರು ಬಂದು ಜಗಳ ಆಡ್ತಿದ್ರು?"

"ಗೊತ್ತು ರೀ. ಕೈ ಕೇಳ್ಬೇಕಲ್ಲ."

ಪರೀಕ್ಷೆಗೆ ಬೇಕಾದದ್ದು ಹೇಳಿದಷ್ಟೇ ಮಾಡುವ ಕೈ. ಅಕ್ಕನ ಅನ್ನವಿದ್ದದ್ದು ಹೇಳದ್ದನ್ನೂ ಮಾಡುವ ಕೈಯಲ್ಲಿ. ಮತ್ತೊಮ್ಮೆ ಕೂರಲು ಅವಕಾಶವೇನೋ ಇತ್ತು, ಆದರೆ ಸಿಕ್ಕ ದಿನ ಗಡುವಿನ ಆಚೆಗೆ.

ಇನ್ನು ಉಳಿದದ್ದು ಕೊನೆಯ ಪತ್ರ. ಸರ್ಟಿಫಿಕೇಟ್ ಕಳಿಸದವರಿಗೆ ಕೆಲಸ ನಿಲ್ಲಿಸಿದ್ದೇವೆಂದು ತಿಳಿಸುವುದು. ಅದನ್ನು ಬರೆಯಬೇಕಾದವಳೂ ಅಕ್ಕನೇ. ನಾನು ಎಷ್ಟೋ ಜನರ ಬಗ್ಗೆ ತಮಾಷೆಯಾಗಿ ಬರೆದು ಹೊಟ್ಟೆ ಹೊರೆದುಕೊಂಡವನು. ಆದರೆ ತನ್ನನ್ನು ತಾನೇ ಕೆಲಸದಿಂದ ತೆಗೆಯುವ ಪತ್ರದ ಒಕ್ಕಣೆ ತಿದ್ದುತ್ತಾ ಕೂತವಳನ್ನು ನೋಡಿ ನನಗೂ ನಗು ಹುಟ್ಟಲಿಲ್ಲ. "ತಮ್ಮ ಸೇವೆಗೆ ಧನ್ಯವಾದಗಳು" ಎಂದು ಬರೆದು, 'ಧನ್ಯವಾದ' ಅತಿಯಾಯಿತೇನೋ ಎಂದು ಅಳಿಸಿದಳು. ನಾನು ಕಾಡಿ ಬೇಡಿ ಅದನ್ನು ವಾಪಸು ಹಾಕಿಸಿದೆ. ಪತ್ರ ಡಾಕ್ಟರಮ್ಮನ ಒಪ್ಪಿಗೆಗೆ ಹೋಯಿತು. ಅಂದಿನಿಂದ ಅಕ್ಕನಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಪ್ರೆಸ್ಸಿನ ಬೀಗ ಹಾಕಿದ ಬಾಗಿಲೇ ಬರುತ್ತದೆ ಎಂದಳು.

ಫೋನು ಬಂದದ್ದು ಒಂದು ಮಧ್ಯಾಹ್ನ. ಭಾವ ಬೇಗ ಬಂದಿದ್ದರು, ನಾನು ಎಂದಿನಂತೆ ಊಟಕ್ಕಿದ್ದೆ. ಅಕ್ಕನ ಕೈ ಒದ್ದೆಯಿದ್ದುದರಿಂದ ಸ್ಪೀಕರ್ ಹಾಕಿದಳು. ಡಾಕ್ಟರಮ್ಮ ರೋಗಿಯನ್ನು ಕುರ್ಚಿಯಲ್ಲಿ ಮಲಗಿಸಿಕೊಂಡೇ ಮಾತಾಡುವವರು.

"ಬಾಯಿ ದೊಡ್ಡದಾಗಿ ತೆಗೀರಿ. ನಿಮಗಲ್ಲಮ್ಮಾ. ಆ ಪತ್ರ ನೋಡ್ದೆ. ಚೆನ್ನಾಗಿದೆ, ಕಳಿಸ್ಬಿಡಿ. ಎಷ್ಟು ಸಲ ಹೇಳೋದು ಅವರಿಗೆ?"

"ಆಗಲಿ ಮೇಡಂ," ಎಂದಳು ಅಕ್ಕ. ದನಿ ಬಾವಿಯೊಳಗಿಂದ ಬಂದಂತಿತ್ತು. ಭಾವ ಎದ್ದು ನಿಂತರು. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ.

"ಅಂದ ಹಾಗೆ ಯಾರು ಕಳಿಸಿಲ್ಲ? ಆ ಪೋಸ್ಟರ್ ಮಾಡೋನಾ?"

"ಅವನು ಬಿಟ್ಟು ಬಹಳ ದಿನ ಆಯ್ತಲ್ಲ ಮೇಡಂ."

"ಹೌದಾ? ಮತ್ತೆ ಪೋಸ್ಟರು ಬರ್ತಾನೇ ಇದೆ?"

"ನಾನೇ ಮಾಡ್ತಿದೀನಿ."

"ಓ. ಹಾಗಾದ್ರೆ ಆ ಲೆಕ್ಕದೋಳು."

"ಅವಳೂ ಇಲ್ಲ ಮೇಡಂ. ಲೆಕ್ಕಾನೂ ಈಗ ನನ್ನ ಹತ್ರಾನೇ."

ಆ ಕಡೆ ಗುಂಯ್ ಎನ್ನುತ್ತಿದ್ದ ಯಂತ್ರ ನಿಂತಿತು.

"ಮತ್ತೆ ಹೊರಗಿನೋರು ಅಂತ ಇರೋದು ಯಾರು?"

"ನಾನು, ಮೇಡಂ."

"ನೀವಾ? ನೀವ್ಯಾಕೆ ಹೊರಗಿನೋರು?"

"ನಾನು... ಹೊರಗಡೆ ಅಲ್ವಾ ಮೇಡಂ ಇರೋದು? ಪರೀಕ್ಷೆ ಬರೆದೆ. ಫೇಲಾಯ್ತು. ಅದಕ್ಕೇ ಕಳಿಸೋಕಾಗಲಿಲ್ಲ."

ರೋಗಿ ಎಂಜಲು ನುಂಗಿದ ಸದ್ದು ಕೇಳಿಸಿತು.

"ಅಲ್ಲಮ್ಮಾ, ನಮ್ಮ ಬೀರುವಿನ ಕೀಲಿ ಎಲ್ಲಿದೆ ಅಂತ ನನ್ನ ಗಂಡನಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಮಗಳ ಸ್ಕೂಲಿನ ಮೀಟಿಂಗ್ ನನಗೆ ನೆನಪಿರಲ್ಲ, ನೀವು ಫೋನ್ ಮಾಡ್ತೀರಾ. ನೀವು ಹೊರಗಿನೋರಾದ್ರೆ ಒಳಗಿರೋರು ಯಾರು, ಹೇಳಿ? ನಾನು ಆ ಇಬ್ಬರಿಗೆ ಅಂತ ತಿಳ್ಕೊಂಡಿದ್ದೆ. ಇಷ್ಟು ದಿನ ಆ ಪತ್ರ ಎಲ್ಲ ಯಾರಿಗೆ ಹೋಗ್ತಿತ್ತು?"

"ನನಗೇ ಮೇಡಂ."

"ನೀವೇ ಬರೆದು ನೀವೇ ಓದ್ಕೊಂಡ್ರಾ?"

"ಹೂಂ. ಬಹಳ ಬಿಗಿಯಾಗಿತ್ತು."

ಡಾಕ್ಟರಮ್ಮ ನಕ್ಕ ನಗುವಿಗೆ ಏನೋ ಸಾಮಾನು ಠಣ್ಣೆಂದು ಬಿತ್ತು. ರೋಗಿ "ಆ... ಆ..." ಎಂದ. "ನೋಡಿ, ಇವರೂ ಒಪ್ತಿದಾರೆ. ಆ ಪತ್ರ ಹರಿದು ಬಿಸಾಕಿ. ಸಲಹೆಗಾರನ ಹತ್ರ ನಾನು ಮಾತಾಡ್ತೀನಿ. ಮತ್ತೆ, ಮೂರು ಜನರ ಕೆಲಸ ಒಬ್ಬರೇ ಮಾಡ್ತಿರೋ ವಿಷಯಾನೂ ಮಾತಾಡೋದಿದೆ, ಸಂಜೆ ಮಾಡ್ತೀನಿ. ಈಗ ಬಾಯಿ ತೆಗೀರಿ. ನಿಮಗಲ್ಲಮ್ಮಾ."

ಫೋನು ಕಟ್ಟಾಯಿತು. ಅಕ್ಕ ಹಾಗೇ ನಿಂತಿದ್ದಳು, ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸುವುದನ್ನೂ ಮರೆತು. ಭಾವ ಕುರ್ಚಿ ಎಳೆದು ಕೂರಿಸಿದರು. ಕೂತವಳು ಮೊದಲು ನಕ್ಕಳು, ಆಮೇಲೆ ಮೂಗು ಸೀಟಿದಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು.

"ಕೇಳಿದ್ರೆ ಏನಂತಾರೋ ಅಂತ ಬಾಯಿ ಮುಚ್ಕೊಂಡಿದ್ದೆ," ಎಂದಳು. "ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡೋಳು ನೋಡು ನಾನು."

"ಹಾಗಾದ್ರೆ ಪರೀಕ್ಷೆಗೆ ಇನ್ನು ಎಳ್ಳುನೀರು?" ಎಂದೆ.

"ಯಾಕೋ? ಬರೀತೀನಿ. ಹೊಸಬರು ಯಾರಾದ್ರೂ ಕೆಲಸ ಕೊಡೋಕೆ ಬಂದ್ರೆ ಅವರಿಗೆ ನಾನು ಯಾರು ಅಂತ ಏನು ಗೊತ್ತಿರುತ್ತೆ? ಅಂಥವರಿಗೆ ಕಾಗದ ಬೇಕು. ಗೊತ್ತಿರೋರಿಗೆ ಬೇಡ. ಓದಿದ್ದಂತೂ ದಂಡ ಆಗಲಿಲ್ಲ, ಪತ್ರ ಕಳಿಸೋದು ಎಷ್ಟು ಸಲೀಸಾಯ್ತು. ಹೆದರಿದ್ದೇ ದಂಡ."

"ಈ ಸಲ ಸಭೆ ಎರಡಿದ್ರೆ ಇರಲಿ ಬಿಡು," ಎಂದರು ಭಾವ.

"ಪ್ರಯತ್ನ ಮಾಡ್ತೀನಿ," ಎಂದಳು ಅಕ್ಕ, ನಂಬಿಕೆಯಿಲ್ಲದ ದನಿಯಲ್ಲಿ. ಆಮೇಲೆ ಕಾಲು ಚಾಚಿದಳು. "ಇವತ್ತು ಟೀ ನೀವಿಬ್ಬರೂ ಸೇರಿ ಮಾಡಿ."

ನಾವಿಬ್ಬರೂ ಅಡುಗೆಮನೆಗೆ ಹೋದೆವು. ಸಕ್ಕರೆ ಸಿಗಲಿಲ್ಲ. "ಮೇಲಿನ ಕಪಾಟು, ಎಡಗಡೆ," ಎಂದಿತು ಅಕ್ಕನ ದನಿ. "ಅದಲ್ಲ, ಅದು ಉಪ್ಪು." ಸ್ವಲ್ಪ ಹೊತ್ತಿಗೆ "ಹಾಲು ಉಕ್ಕುತ್ತೆ, ನೋಡಿ," ಎಂದಿತು. ಹಾಲು ಅದಾಗಲೇ ಉಕ್ಕಿತ್ತು; ಒಲೆ ಒರೆಸುವಷ್ಟರಲ್ಲಿ ಆ ಕಡೆಯಿಂದ ಮಾತು ನಿಂತಿತು.

ಮೂರು ಲೋಟ ಹಿಡಿದು ಬಂದಾಗ ಅಕ್ಕ ಕೂತಲ್ಲೇ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಭಾವ ಅವಳ ಲೋಟಕ್ಕೆ ತಟ್ಟೆ ಮುಚ್ಚಿದರು. ಫೋನಿನ ಸದ್ದು ನಿಲ್ಲಿಸುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿಯದ್ದರಿಂದ, ಅದನ್ನು ಒಳಗೆ ಒಯ್ದು ಎರಡು ದಿಂಬಿನ ನಡುವೆ ಇಟ್ಟು ಬಂದೆವು.