ಟರ್ಬೋಗೆ ಕಟ್ಟಿದ ದೃಷ್ಟಿದಾರ

ಜೀಪಿನಲ್ಲಿ ಕ್ಯಾಸೆಟ್ ಪ್ಲೇಯರ್ ಇದ್ದರೇ ದೊಡ್ಡದು ಅನ್ನೋ ಕಾಲದಲ್ಲಿ ರಾಂಪುರದ ಶೇಂಗಾ ವ್ಯಾಪಾರಿ ರುದ್ರಣ್ಣ ತನ್ನ ಹಳೇ ಜೀಪಿಗೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ವೇಗ ಹೆಚ್ಚಿಸುವ ಟರ್ಬೋ ಕೂರಿಸಿಕೊಂಡಿದ್ದ. ಆಕ್ಸಿಲರೇಟರ್ ಜೋರಾಗಿ ತುಳಿದರೆ ಸಾಕು, ಗಾಳಿಯ ಒತ್ತಡ ಮಿತಿಮೀರಿ ರಬ್ಬರ್ ಪೈಪು ಢಮ್ಮೆಂದು ಕಿತ್ತುಬರುತ್ತಿತ್ತು. ಚಳ್ಳಕೆರೆಯ ನನ್ನ ಗ್ಯಾರೇಜಿಗೆ ತಂದ.

"ಯಾರದೋ ಕಣ್ಣು ಬಿದ್ದೈತಪ್ಪಾ," ಎಂದರು ಹಿಂದಿನ ಸೀಟಿನಲ್ಲಿ ಕೂತಿದ್ದ ಅವನ ಅವ್ವ.

ಬಾನೆಟ್ ಎತ್ತಿದೆ. ಒತ್ತಡ ಹೆಚ್ಚಾದಾಗ ಸರಿದು ಕಿಂಡಿ ತೆರೆದು ಗಾಳಿ ಹೊರಬಿಡಬೇಕಾದ ಕಡ್ಡಿಯನ್ನು ಕಪ್ಪು ದೃಷ್ಟಿದಾರದಿಂದ ಅಲ್ಲಾಡದಂತೆ ಬಿಗಿಯಲಾಗಿತ್ತು. ಪೈಪು ಕಿತ್ತುಬಂದಾಗಲೆಲ್ಲ ಅವ್ವ ಇನ್ನೊಂದು ಸುತ್ತು ಬಿಗಿದಿದ್ದರಂತೆ!

ಕತ್ತರಿ ತೆಗೆದೆ. "ಮುಟ್ಟಿದ್ರೆ ನೋಡು!" ಎಂದು ಅವ್ವ ಇಳಿದೇಬಿಟ್ಟರು. ರುದ್ರಣ್ಣ ಆಕಾಶ ನೋಡತೊಡಗಿದ.

"ಬಿಸಾಕಲ್ಲವ್ವ. ಇಲ್ಲಿ ಒಳಗಿದ್ರೆ ಕೆಟ್ಟ ಕಣ್ಣಿಗೆ ದಾರ ಕಾಣೋದಾದ್ರೂ ಹೆಂಗೆ? ಮುಂದಿನ ಬಂಪರಿಗೆ ಕಟ್ಟೋಣ," ಎಂದೆ.

ಅವ್ವ ಯೋಚಿಸಿದರು. "ಅದೂ ನಿಜಾನೇ," ಎಂದು ತಾವೇ ಬಿಚ್ಚಿಕೊಟ್ಟರು. ದಾರ ಬಂಪರಿಗೇರಿತು; ಪೈಪು ಕಿತ್ತುಬರದೆ ಜೀಪು ರಾಂಪುರದವರೆಗೂ ಹಾರಿಕೊಂಡು ಹೋಯಿತು.

ಮರುವಾರ ಅದೇ ಊರಿನ ಇನ್ನೊಂದು ಜೀಪು ಬಂತು. ಬಾನೆಟ್ ಎತ್ತಲು ಹೋದರೆ ಡ್ರೈವರ್ ತಡೆದು, ಜೇಬಿನಿಂದ ಕಪ್ಪು ದಾರ ತೆಗೆದ.

"ಎಂಜಿನ್ ಚೆನ್ನಾಗೈತೆ ಸಾರ್. ಬಂಪರಿಗೆ ನಿಮ್ಮ ಕೈಯಿಂದ ಇದೊಂದು ಕಟ್ಟಿಬಿಡ್ರಿ."